ಕೊಲೆಯ ಹಾಡು

ಕೊಲೆಯನ್ನು ಹಾಡುವವನಿಗೆ ಆ ಪಾಪದಲ್ಲಿ ಪಾಲುಂಟೆ? ಈಚೆಗೆ ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವನು ಮಸಗುಪ್ಪಿಯಿಂದ ಕಾಲೇಜಿಗೆ ಬರುವ ಒಬ್ಬ ವಿದ್ಯಾರ್ಥಿ. ಶಿಕಾಗೋ ನಗರದಲ್ಲಿ ಹುಟ್ಟಿದ ‘ಡ್ರಿಲ್’ ಎಂಬ ಬಗೆಯ ರ‍್ಯಾಪ್ ಹಾಡುಗಳನ್ನು ಆತ ಮೊಬೈಲಿನಲ್ಲಿ ಕೇಳುತ್ತಾನೆ. ಬಂದೂಕು, ಸೇಡು, ಸತ್ತ ವೈರಿಯ ಹೀಯಾಳಿಕೆ ಇವೇ ಅವುಗಳ ವಸ್ತು. ನಾನು ಮುಖ ಸಿಂಡರಿಸಿದೆ. “ಸಂಗ್ಯಾ-ಬಾಳ್ಯಾದಾಗೂ ಕೊಲಿನ ಐತೆಲ್ರೀ ಸರ್! ಅದನ್ನ ಪಾಠದಾಗ ಹೇಳ್ತೀರಿ, ಇದನ್ನ ಕೇಳಬ್ಯಾಡ ಅಂತೀರಿ” ಎಂದ. ತಳ್ಳಿಹಾಕುವ ಮಾತಲ್ಲ.

ಅವನ ಮೆಚ್ಚಿನ ಹಾಡುಗಾರ ಕಿಂಗ್ ವಾನ್. ಕೊಲೆಯ ಆರೋಪದ ಮೇಲೆ ವರ್ಷಗಟ್ಟಲೆ ಸೆರೆಯಲ್ಲಿದ್ದು, ಬಿಡುಗಡೆಯಾಗಿ ಬಂದವನು. 2018ರ ಕೊನೆಯಲ್ಲಿ ಬಂದ ‘ಕ್ರೇಜಿ ಸ್ಟೋರಿ’ಯಿಂದ ಹೆಸರಾದ. ಹಾಡಿನಲ್ಲಿ ಕಥೆ ಹೇಳುವ ಕಲೆ ಅವನಿಗೆ ಒಲಿದಿತ್ತೆಂದು ಬಲ್ಲವರು ಹೇಳುತ್ತಾರೆ. 2020ರ ನವೆಂಬರ್ 6ರಂದು ಅಟ್ಲಾಂಟಾದಲ್ಲಿ ಗುಂಡೇಟಿಗೆ ಸತ್ತಾಗ ಅವನಿಗೆ 26 ವರ್ಷ. ಕೊನೆಯ ಸಂಕಲನ ಹೊರಬಂದು ಒಂದು ವಾರವಾಗಿತ್ತಷ್ಟೆ. ಆ ಸಂಕಲನದ ಹೆಸರಿನಲ್ಲಿರುವ ‘ಓ ಬ್ಲಾಕ್’ ಅವನು ಬೆಳೆದ ವಠಾರ. 2011ರಲ್ಲಿ ಕೊಲೆಯಾದ ತರುಣನೊಬ್ಬನ ನೆನಪಿಗೆ ಆ ವಠಾರಕ್ಕೆ ಬಂದ ಹೆಸರು ಅದು. ಮನೆಯ ವಿಳಾಸದಲ್ಲೇ ಸಾವು ಸೇರಿಕೊಂಡಿರುವಲ್ಲಿ ಹಾಡಿಗೆ ಬೇರೆ ವಸ್ತು ಎಲ್ಲಿಂದ ಬರಬೇಕು?

ಇನ್ನು ನಮ್ಮ ಸಂಗ್ಯಾ. ಬೈಲಹೊಂಗಲದಲ್ಲಿ ನಿಜವಾಗಿ ನಡೆದದ್ದೆಂದು ಹೇಳುವ ಕೊಲೆಯದು. ಹಣವಂತ ಸಂಗ್ಯಾ ಈರ್ಯಾನ ಹೆಂಡತಿ ಗಂಗಿಗೆ ಮನಸೋಲುತ್ತಾನೆ. ಗೆಳೆಯ ಬಾಳ್ಯಾನ ದ್ರೋಹದಿಂದ ಈರ್ಯಾ ಮತ್ತು ತಮ್ಮಂದಿರ ಕೈಗೆ ಸಿಕ್ಕು ಸಾಯುತ್ತಾನೆ. ಈ ಕೊಲೆಯ ಲಾವಣಿಯನ್ನು ಶಾಸನತಜ್ಞ ಫ್ಲೀಟ್ ಸಾಹೇಬರು ಹತ್ತೊಂಬತ್ತನೆಯ ಶತಮಾನದಲ್ಲೇ ಅಚ್ಚಿಗೆ ಕೊಟ್ಟರು. ಪತ್ತಾರ ಮಾಸ್ತರರದೆನ್ನುವ ಸಣ್ಣಾಟವನ್ನು ನಮ್ಮ ಹುಕ್ಕೇರಿ ತಾಲೂಕಿನ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರು ಸಂಪಾದಿಸಿದರು. ಜನ ಕಂಬಳಿ ಹೊದ್ದು ಬೆಳತನಕ ಕೂತು ನೋಡುವ ಆಟ.

ರಕ್ತ ಎರಡರಲ್ಲೂ ಇದೆ. ಆದರೆ ಸಣ್ಣಾಟದಲ್ಲಿ ಸಾಯುವವನಿಗೂ ಹಾಡುಂಟು, ಕೊಲ್ಲುವವನಿಗೂ ಉಂಟು, ಗಂಗಿಗೂ ಉಂಟು. ದ್ರೋಹಿಯೂ ತನ್ನ ಬಾಯಿಂದಲೇ ಮಾತಾಡುತ್ತಾನೆ. ಹಾಡು ಕಟ್ಟಿದವನು ಯಾರ ಪಕ್ಷದ ಆಳೂ ಅಲ್ಲ. ಡ್ರಿಲ್ಲಿನಲ್ಲಿ ಹಾಡುವವನೇ ಎಷ್ಟೋ ಸಲ ಜಗಳದ ಒಂದು ಪಕ್ಷ. ಸತ್ತವನ ಹೆಸರನ್ನು ಅವನ ತಾಯಿ ಇನ್ನೂ ಅಳುತ್ತಿರುವಾಗಲೇ ಗೇಲಿಗೆ ಎಳೆಯುತ್ತಾನೆ. ಆ ಹಾಡು ಜಗಳದ ವರದಿಯಲ್ಲ, ಅದರ ಮುಂದಿನ ಹೊಡೆತ. ನನಗೆ ಅಸಹ್ಯವೆನಿಸುವುದು ಇದು, ಬಂದೂಕಿನ ಮಾತಲ್ಲ. ಬೈಗುಳವೂ ಅಲ್ಲ. ಹರದೇಶಿ-ನಾಗೇಶಿಯವರ ಸವಾಲು-ಜವಾಬುಗಳನ್ನು ಕೇಳಿದವರಿಗೆ ಬೈಗುಳ ಹೊಸದೇನಲ್ಲ. ಆದರೆ ಅಲ್ಲಿ ಗಂಡು ಹೆಚ್ಚೊ ಹೆಣ್ಣು ಹೆಚ್ಚೊ ಎಂಬ ವಾದಕ್ಕೆ ಬೈಗುಳ ಬೀಳುತ್ತದೆ, ಎದುರಿನವರ ಮನೆಯ ಹೆಣಕ್ಕಲ್ಲ.

ಇಷ್ಟು ಹೇಳಿ ವಿದ್ಯಾರ್ಥಿಯನ್ನು ಗೆದ್ದೆನೆಂದುಕೊಳ್ಳಬಹುದಿತ್ತು. ಆದರೆ ಮೊದಲ ಸಲ ಆ ಲಾವಣಿ ಸಂತೆಯಲ್ಲಿ ಕೇಳಿಬಂದಾಗ ಗಂಗಿಯ ತವರಿನವರು ಎಲ್ಲಿದ್ದಿರಬಹುದು? ಊರೂರಿನ ಬಾಯಲ್ಲಿ ಮನೆಮಗಳ ಹೆಸರು ಆಡುವಾಗ ಅವರಿಗೆ ಅದು ಜಾನಪದವೆನಿಸಿತೆ? ನಮಗೆ ಕಲೆಯಾಗಿ ಕಾಣುವುದರಲ್ಲಿ ಕವಿಯ ಸಮದೃಷ್ಟಿ ಎಷ್ಟು, ಬರಿಯ ಕಾಲದ ದೂರ ಎಷ್ಟು, ಬೇರ್ಪಡಿಸುವುದು ಸುಲಭವಲ್ಲ.

ಹಾಡನ್ನೇ ಅಪರಾಧದ ಸಾಕ್ಷಿಯಾಗಿಸಲು ಮಾತ್ರ ನನ್ನ ಮನಸ್ಸು ಒಪ್ಪದು. ಅಮೆರಿಕದ ನ್ಯಾಯಾಲಯಗಳಲ್ಲಿ ಅದು ನಡೆದಿದೆ. ಕ್ಯಾಲಿಫೋರ್ನಿಯಾ ರಾಜ್ಯ 2022ರಲ್ಲಿ ಕಾನೂನು ಮಾಡಿ ಅದಕ್ಕೆ ಕಡಿವಾಣ ಹಾಕಿತು. ‘ಕೊಂದೆ’ ಎಂದು ಹಾಡಿದವನೆಲ್ಲ ಕೊಂದವನಾದರೆ ನಮ್ಮ ಬಯಲಾಟದ ಪಾತ್ರಧಾರಿಗಳಲ್ಲಿ ಹೊರಗುಳಿಯುವವರು ಯಾರು? ವಾನ್‌ನ ಹಾಡನ್ನು ಆ ಹುಡುಗ ಈಗಲೂ ಕೇಳುತ್ತಾನೆ. ನಾನು ಬೇಡವೆನ್ನುವುದಿಲ್ಲ. ಆ ಹಾಡಿನಲ್ಲಿ ಹೆಸರು ಬಂದವನ ತಾಯಿ ಎಲ್ಲಿದ್ದಾಳೆಂದು ಮಾತ್ರ ಒಮ್ಮೆ ಕೇಳಿದೆ. ಅವನು ಕಿವಿಯಿಂದ ತಂತಿ ತೆಗೆದು, ಸ್ವಲ್ಪ ಹೊತ್ತು ಸುಮ್ಮನಿದ್ದು, “ಗಂಗಿ ಅವ್ವನ್ನೂ ಯಾರೂ ಕೇಳಿಲ್ಲಲ್ರೀ ಸರ್” ಎಂದ.