ಗಣಕದ ಮಾದರಿ: ಪ್ರಮಾಣವೋ ತರ್ಕವೋ

ಕ್ಯಾನ್ಸರ್ ಔಷಧಿಯನ್ನು ಐರನ್ ಆಕ್ಸೈಡ್ ನ್ಯಾನೋಕಣಗಳಿಗೆ ಅಂಟಿಸಿ ರಕ್ತಕ್ಕೆ ಬಿಟ್ಟು, ಹೊರಗಿನ ಅಯಸ್ಕಾಂತದಿಂದ ಗಡ್ಡೆಯತ್ತ ಸೆಳೆಯುವ ಚಿಕಿತ್ಸೆಯನ್ನು ಮೊದಲು ಗಣಕದಲ್ಲಿ ಲೆಕ್ಕ ಹಾಕಿ ನೋಡುತ್ತಾರೆ. ಕಣದ ಮೇಲೆ ಮುಖ್ಯವಾಗಿ ಎರಡು ಬಲಗಳು: ಕಾಂತದ ಸೆಳೆತ, ಹರಿಯುವ ರಕ್ತದ ಎಳೆತ. ಸೆಳೆತ ತ್ರಿಜ್ಯದ ಘನಕ್ಕೆ ಅನುಗುಣ, ಎಳೆತ ತ್ರಿಜ್ಯಕ್ಕಷ್ಟೇ. ಹೀಗಾಗಿ ಕಣ ಚಿಕ್ಕದಾದಷ್ಟೂ ಹರಿವಿನದೇ ಮೇಲುಗೈ. ಕೊನೆಗೆ ಪರದೆಯ ಮೇಲೆ ಕಣಗಳು ನಾಳದ ಗೋಡೆ ಸೇರುವುದು ಕಾಣುತ್ತದೆ. ಹಾಗೆ ಕಂಡದ್ದು ಯಾವ ಬಗೆಯ ಜ್ಞಾನ?

ಅದು ಪ್ರತ್ಯಕ್ಷವಲ್ಲ, ದೇಹದೊಳಗಿನ ಕಣದೊಂದಿಗೆ ಇಂದ್ರಿಯಕ್ಕೆ ಸಂಬಂಧವೇ ಆಗಿಲ್ಲ. ಅನುಮಾನ (ಗುರುತಿನಿಂದ ಪಡೆಯುವ ಅರಿವು) ಎನ್ನಬೇಕಾದರೆ, ನ್ಯಾಯದರ್ಶನದ ಪ್ರಕಾರ, ಉಪಾಧಿಯಿಲ್ಲದ, ಅಂದರೆ ಬೇರೆ ಷರತ್ತಿಗೆ ಒಳಪಡದ, ವ್ಯಾಪ್ತಿ (ಎಂದೂ ತಪ್ಪದ ಸಂಬಂಧ) ಬೇಕು. ಹೊಗೆಯಿದ್ದಲ್ಲಿ ಬೆಂಕಿ ಉಂಟು; ಬೆಂಕಿಯಿದ್ದಲ್ಲೆಲ್ಲ ಹೊಗೆಯಿಲ್ಲ, ಅದಕ್ಕೆ ಹಸಿ ಸೌದೆ ಎಂಬ ಉಪಾಧಿ ಬೇಕು. ಸೆಳೆತ ಎಳೆತವನ್ನು ಮೀರಿದರೆ ಕಣ ನಿಲ್ಲುತ್ತದೆ ಎಂಬ ನಿಯಮದಲ್ಲೂ ಉಪಾಧಿಗಳು ಅಡಗಿವೆ. ರಕ್ತ ಸೇರಿದ ಕಣಕ್ಕೆ ಪ್ರೋಟೀನುಗಳು ಮೆತ್ತಿಕೊಳ್ಳುತ್ತವೆ. ಯಕೃತ್ತು, ಗುಲ್ಮಗಳ ಭಕ್ಷಕ ಕೋಶಗಳು ಅದನ್ನು ಗಡ್ಡೆ ಮುಟ್ಟುವ ಮೊದಲೇ ನುಂಗಿಬಿಡಬಹುದು. ಇವನ್ನು ಬಿಟ್ಟ ಮಾದರಿಯಲ್ಲಿ ಗಣಿತ ಪೂರ್ತಿ ಸರಿಯಿದ್ದೂ ಫಲ ಸುಳ್ಳಾಗುತ್ತದೆ.

ಮಾದರಿಗೆ ಒಪ್ಪುವ ಸ್ಥಾನ ತರ್ಕದ್ದು. ಗೌತಮನ ನ್ಯಾಯಸೂತ್ರ ತರ್ಕವನ್ನು ಹದಿನಾರು ಪದಾರ್ಥಗಳಲ್ಲಿ ಎಣಿಸಿದರೂ ಅದನ್ನು ಪ್ರಮಾಣ, ಅಂದರೆ ನಿಜವಾದ ಅರಿವಿನ ಸಾಧನ, ಎನ್ನುವುದಿಲ್ಲ. ಅನ್ನಂಭಟ್ಟನ ತರ್ಕಸಂಗ್ರಹ ಸಂಶಯ, ವಿಪರ್ಯಯ (ತಪ್ಪರಿವು)ಗಳ ಜೊತೆ ಅದನ್ನು ಅಯಥಾರ್ಥ ಅನುಭವಗಳ ಸಾಲಿನಲ್ಲಿಡುತ್ತದೆ. ಇದರಿಂದ ಅದರ ಬೆಲೆ ಕುಂದದು. 'ಹೀಗಿದ್ದಿದ್ದರೆ ಹಾಗಾಗಬೇಕಿತ್ತು' ಎಂದು ಆರೋಪಿಸಿ, ಒಪ್ಪಲಾಗದ ಪರಿಣಾಮವನ್ನು ತೋರಿಸಿ, ಅದು ಪ್ರಮಾಣಕ್ಕೆ ದಾರಿ ಮಾಡಿಕೊಡುತ್ತದೆ. ಗಣಕದ ಮಾದರಿ ಬಲವಾಗಿರುವುದೂ ನಿಷೇಧದಲ್ಲೇ. ಹೊರಗಿಟ್ಟ ಸ್ಥಿರ ಅಯಸ್ಕಾಂತ ದೇಹದ ಆಳದ ಒಂದೇ ಬಿಂದುವಿನಲ್ಲಿ ಕ್ಷೇತ್ರವನ್ನು ಸುತ್ತಲಿಗಿಂತ ಪ್ರಬಲಗೊಳಿಸಲಾರದು; ಆಳದ ಗಡ್ಡೆಯನ್ನಷ್ಟೇ ಗುರಿಯಿಡುವ ಯೋಜನೆಯನ್ನು ಮಾದರಿ ಇಲ್ಲಿಯೇ ತಳ್ಳಿಹಾಕಬಲ್ಲದು. 'ಔಷಧಿ ತಲುಪುತ್ತದೆ' ಎಂಬ ಅದರ ಮಾತು ಮಾತ್ರ ಯಾವಾಗಲೂ ಷರತ್ತಿನ ಮಾತು. ಚಿಕಿತ್ಸೆಗೆ ಒಪ್ಪಿಗೆ ಕೊಡುವ ರೋಗಿಗೆ ಈ ಭೇದವನ್ನು ಬಿಡಿಸಿ ಹೇಳುವುದು ವೈದ್ಯರ ಧರ್ಮ.

ಎಂಆರ್‌ಐ ಚಿತ್ರದ ಸಂಗತಿ ಬೇರೆ. ಕಬ್ಬಿಣದ ಕಣಗಳು ಸೇರಿದಲ್ಲಿ ಚಿತ್ರ ಕಪ್ಪಾಗುತ್ತದೆ. ಆ ಕಪ್ಪು ಲಿಂಗ, ಅಂದರೆ ಗುರುತು; ಅದರಿಂದ ಕಣವಿದೆಯೆಂಬುದು ಅನುಮಾನ. ಲಿಂಗ ದೊರೆತದ್ದು ಪಕ್ಷದಲ್ಲೇ, ಅಂದರೆ ಆ ರೋಗಿಯ ದೇಹದಲ್ಲೇ. ನೈಯಾಯಿಕರು ಪಕ್ಷಧರ್ಮತೆ ಎನ್ನುವ ಈ ಅಂಗ ಬರಿಯ ಮಾದರಿಯಲ್ಲಿಲ್ಲ. 1996ರಲ್ಲಿ ಜರ್ಮನಿಯಿಂದ ವರದಿಯಾದ, 14 ರೋಗಿಗಳಿಗೆ ಎಪಿರುಬಿಸಿನ್ ಔಷಧಿಯನ್ನು ಅಯಸ್ಕಾಂತದಿಂದ ಸೆಳೆಯುವ ಕಣಗಳಿಗೆ ಅಂಟಿಸಿ ಕೊಟ್ಟ ಪ್ರಯೋಗದಲ್ಲಿ ಸುಮಾರು ಅರ್ಧದಷ್ಟು ಜನರಲ್ಲಷ್ಟೇ ಕಣಗಳು ಗಡ್ಡೆಯನ್ನು ತಲುಪಿದವೆಂದು ತಿಳಿದದ್ದು ಇಂತಹ ಪರೀಕ್ಷೆಗಳಿಂದ.