ಸಸಿಯ ತಾಯಿಮರ ಯಾವುದು?

ತಮಿಳುನಾಡಿನ ತಾಳವಾಡಿಯ ಒಬ್ಬ ರೈತರ ಹೊಲದ ಬೇಲಿಯಲ್ಲಿ ಹದಿನೈದಿಪ್ಪತ್ತು ಗಂಧದ ಗಿಡಗಳಿವೆ. ಯಾರೂ ನೆಟ್ಟವಲ್ಲ. ಕೋಸು, ಬೀಟ್‌ರೂಟು ಬೆಳೆದು, ಬೆಲೆ ಬಿದ್ದಾಗ ಬೆಳೆಯ ಮೇಲೆಯೇ ಟ್ರ್ಯಾಕ್ಟರ್ ಓಡಿಸಿದ ಮನೆ ಅದು. ಈಗ ಬೇಲಿ ಸವರಿ, ಒಂದೆಕರೆಗೆ ನರ್ಸರಿಯಿಂದ ತಂದ ಗಂಧದ ಸಸಿ ಹಾಕಬೇಕೆಂದು ಯೋಚಿಸುತ್ತಿದ್ದಾರೆ. “ಇವು ಸೊಟ್ಟ ಗಿಡ ಕಣಣ್ಣ, ಚೇಗು ಕಟ್ಟಲ್ಲ. ಕಿತ್ತಾಕ್ಬುಟ್ಟು ಒಳ್ಳೇ ಸಸಿ ಮಡಗ್ತೀನಿ” ಎಂದರು. ಗಂಧಕ್ಕೆ ಕೈ ಹಚ್ಚಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅದು ಕಾನೂನಿನ ಮಾತು. ಅನುಮತಿ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ಆಗಲೂ ಕೀಳುವುದು ಸರಿಯೇ? ಗಂಧದ ಬದಲಿಗೆ ಗಂಧವೇ ಬರುತ್ತದೆ, ಅದೂ ಇನ್ನೂರು ಮುನ್ನೂರು. ಇದರಲ್ಲಿ ನಷ್ಟ ಯಾರಿಗೆ?

ಬೇಲಿಯ ಬುಡದ ಮಣ್ಣನ್ನು ಕೈಯಿಂದ ಸರಿಸಿ ನೋಡಿದೆವು. ಬೆರಳು ಗಾತ್ರದ ಬೇರೊಂದು ಮೇಲ್ಮಣ್ಣಿನಲ್ಲೇ ಅಡ್ಡಕ್ಕೆ ಹರಿದಿತ್ತು. ಅದರಿಂದ ಅಲ್ಲಲ್ಲಿ ಚಿಗುರೆದ್ದು ಗಿಡಗಳಾಗಿದ್ದವು. ಎಳೆಬೇರೊಂದು ಪಕ್ಕದ ಹೊಂಗೆಯ ಬೇರನ್ನು ಚಪ್ಪಟೆ ಗಂಟಾಗಿ ಕಚ್ಚಿಕೊಂಡಿತ್ತು. ಗಂಧ ಅರೆಪರಾವಲಂಬಿ, ನೀರು, ಲವಣಗಳನ್ನು ಅದು ನೆರೆಮರದಿಂದ ಹೀರುತ್ತದೆ. ಬೇರಿನಿಂದಲೂ ಗಿಡ ಏಳುವುದಾದರೆ ಮೇಲೆ ನಿಂತಿರುವ ಇಪ್ಪತ್ತು ಗಿಡಗಳಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಬಂದವು ಎಷ್ಟು, ಒಂದೇ ಬೇರಿನಿಂದ ಎದ್ದವು ಎಷ್ಟು? ಎಲೆ ನೋಡಿ, ತೊಗಟೆ ನೋಡಿ ಇದನ್ನು ಹೇಳಲಾಗದು.

ಹೇಳುವುದು ತಳಿಗುರುತು. ಎಲೆಯಿಂದ ಡಿಎನ್‌ಎ ತೆಗೆದು, ಒಂದೇ ಪುಟ್ಟ ತುಣುಕು ಮತ್ತೆ ಮತ್ತೆ ಬರುವ ಜಾಗಗಳನ್ನು ಅಳೆಯುತ್ತಾರೆ. ಇವಕ್ಕೆ ಮೈಕ್ರೋಸ್ಯಾಟಲೈಟ್ ಎಂದು ಹೆಸರು. ತುಣುಕು ಎಷ್ಟು ಸಲ ಬರುತ್ತದೆ ಎಂಬುದು ಮರದಿಂದ ಮರಕ್ಕೆ ಬೇರೆ. ಇಂಥ ಹಲವು ಜಾಗಗಳಲ್ಲಿ ಎರಡು ಗಿಡಗಳು ಚೂರೂ ವ್ಯತ್ಯಾಸವಿಲ್ಲದೆ ಹೊಂದಿದರೆ ಅವು ಒಂದೇ ಮರದ ಎರಡು ಕೊಂಬೆಗಳಿದ್ದ ಹಾಗೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಅಳಿದುಳಿದ ಗಂಧಜಾತಿಯೊಂದನ್ನು ತಳಿಗುರುತಿನಿಂದ ಪರೀಕ್ಷಿಸಿದ ಅಧ್ಯಯನ 2000ರಲ್ಲಿ ಪ್ರಕಟವಾಯಿತು. ಗುಂಪಾಗಿ ನಿಂತಿದ್ದ ಮರಗಳು ಬೇರಿನಿಂದೆದ್ದ ತದ್ರೂಪಿಗಳು ಎಂದು ಅದರಲ್ಲಿ ಗೊತ್ತಾಯಿತು. ಹೂ ಬಿಡುತ್ತಿದ್ದರೂ ಬೀಜದ ಸಂತಾನ ನಿಂತುಹೋಗಿತ್ತು. ನಮ್ಮ ಶ್ರೀಗಂಧವೂ ಕಾಯಿ ಕಟ್ಟಲು ಬಹುಮಟ್ಟಿಗೆ ಬೇರೆ ಮರದ ಪರಾಗವನ್ನೇ ನೆಚ್ಚಿದೆ, ತದ್ರೂಪಿಗಳ ನಡುವೆ ಅದು ಸಿಗದು. ಇಲಾಖೆಯ ದಫ್ತರದಲ್ಲಿ ನೂರು ಮರ ಎಂದು ಬರೆದದ್ದು ನಿಜದಲ್ಲಿ ಒಂದೇ ಮರವಾಗಿರಬಹುದು ಎಂಬುದು ನನ್ನನ್ನು ಕಾಡುವ ಸಂಗತಿ.

ಶಾಂತ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪಗಳಲ್ಲಿ ಬೆಳೆಯುವ ಗಂಧದ ಮರವನ್ನು ಕುರಿತ ಅಧ್ಯಯನ 2005ರಲ್ಲಿ ಬಂತು. 17 ನೆಲೆಗಳ 431 ಮರಗಳು, ಎಂಟು ಮೈಕ್ರೋಸ್ಯಾಟಲೈಟ್ ಗುರುತುಗಳು. ಒಂದು ಮರದಲ್ಲಿ ತಂದೆಯ ಕಡೆಯ ಗುರುತೂ ತಾಯಿಯ ಕಡೆಯ ಗುರುತೂ ಬೇರೆ ಬೇರೆಯಾಗಿರುವ ಪ್ರಮಾಣ ಮಾರೆ ದ್ವೀಪದಲ್ಲಿ 0.01, ಪೈನ್ ದ್ವೀಪದಲ್ಲಿ 0.74. ಮಾರೆಯ ಮರಗಳಲ್ಲಿ ವೈವಿಧ್ಯ ಹೆಚ್ಚುಕಡಿಮೆ ಬರಿದಾಗಿದೆ. ಪೈನ್ ದ್ವೀಪವೋ ಅಂಗೈಯಗಲದ್ದು, ಆದರೂ ಸಮೃದ್ಧ. ನೆಲೆ ಚಿಕ್ಕದು ಎಂಬ ಒಂದೇ ಕಾರಣಕ್ಕೆ ಅದರಲ್ಲಿ ಏನೂ ಉಳಿದಿಲ್ಲ ಎಂದು ತೀರ್ಮಾನಿಸುವ ಹಕ್ಕು ಯಾರಿಗೂ ಇಲ್ಲ ಎಂಬುದಕ್ಕೆ ನನಗೆ ಈ ಒಂದು ಅಂಕಿ ಸಾಕು. ಸುತ್ತ ಕೋಸಿನ ಹೊಲ, ನಡುವೆ ಒಂದು ಬೇಲಿ, ಅದರಲ್ಲಿ ಇಪ್ಪತ್ತು ಗಂಧ. ಇದೂ ದ್ವೀಪವೇ.

ತಾಳವಾಡಿ ಸೀಮೆಯಲ್ಲಿ ಗಂಧದ ನಾಶದ ಮಾತೆತ್ತಿದರೆ ಒಂದೇ ಹೆಸರು ಬರುತ್ತದೆ. 2000ದ ಜುಲೈ 30ರ ರಾತ್ರಿ ದೊಡ್ಡಗಾಜನೂರಿನ ಮನೆಯಿಂದ ನಟ ರಾಜ್‌ಕುಮಾರ್ ಅವರನ್ನು ಕರೆದೊಯ್ದವನ ಹೆಸರು. ಗಂಧಗಳ್ಳ ವೀರಪ್ಪನ್ ಮಾಡಿದ್ದು ಘೋರ, ಅದರಲ್ಲಿ ಎರಡು ಮಾತಿಲ್ಲ. ಗಂಧವನ್ನು ಬೇರುಸಹಿತ ಅಗೆದು ಸಾಗಿಸುತ್ತಾರೆ, ಬೇರಿನಲ್ಲಿ ಎಣ್ಣೆ ಹೆಚ್ಚು ಎಂದು. ಬೇರೇ ಹೋದ ಮೇಲೆ ಚಿಗುರೆಲ್ಲಿಂದ? ಆದರೆ ಪಾಪವನ್ನೆಲ್ಲ ಒಬ್ಬನ ಹೆಗಲಿಗೇರಿಸಿ ಉಳಿದವರು ಕೈ ತೊಳೆದುಕೊಳ್ಳುವುದನ್ನು ನಾನು ಒಪ್ಪಲಾರೆ. 1792ರಲ್ಲಿ ಟಿಪ್ಪು ಸುಲ್ತಾನ್ ಗಂಧವನ್ನು ರಾಜವೃಕ್ಷವೆಂದು ಸಾರಿದ. ಮುಂದೆ ಬಂದವರೂ ಅದನ್ನೇ ಮುಂದುವರಿಸಿದರು. ಆಗೆಲ್ಲ ಹೊಲ ರೈತನದು, ಅದರಲ್ಲಿ ಹುಟ್ಟಿದ ಗಂಧ ಸರ್ಕಾರದ್ದು, ಕಳವಾದರೆ ಉತ್ತರ ಹೇಳಬೇಕಾದವನು ಮಾತ್ರ ರೈತ. “ನಮ್ಮಪ್ಪ ಗಂಧದ ಸಸಿ ಕಂಡ್ರೆ ಮೊದ್ಲು ಕಿತ್ತೆಸೀತಿದ್ದ, ಮರ ಆದ್ರೆ ಠಾಣೆ ಅಲೀಬೇಕಾಯ್ತದೆ ಅಂತ” ಎಂದರು ಬೇಲಿಯ ಯಜಮಾನರು.

ಇದೇ ಮಾತು ಹವಾಯಿಯಲ್ಲೂ ಇದೆ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿನ ಪಾಳೆಯಗಾರರು ವ್ಯಾಪಾರಿಗಳ ಸಾಲ ತೀರಿಸಲು ಪ್ರಜೆಗಳನ್ನು ಗಂಧ ಕಡಿಯಲು ಬೆಟ್ಟಕ್ಕಟ್ಟುತ್ತಿದ್ದರು. ಈ ಬಿಟ್ಟಿಕೆಲಸ ಮಕ್ಕಳ ಕಾಲಕ್ಕೂ ಬಾರದಿರಲಿ ಎಂದು ಜನ ಎಳೆ ಸಸಿಗಳನ್ನು ಕಿತ್ತುಹಾಕುತ್ತಿದ್ದರಂತೆ. ಸಾವಿರಾರು ಹರದಾರಿ ದೂರದ ಎರಡು ಜನಸಮುದಾಯಗಳು ಒಂದೇ ಮರಕ್ಕೆ ಹೆದರಿ ಒಂದೇ ಕೆಲಸ ಮಾಡಿವೆ. ಕಿತ್ತ ಕೈಯನ್ನು ನಾನು ದೂರುವುದಿಲ್ಲ. ಕೀಳದೆ ಬದುಕಲಾಗದಂತೆ ಮಾಡಿದ ಆಳ್ವಿಕೆಯನ್ನು ದೂರುತ್ತೇನೆ. ಚಿಲಿಗೆ ಸೇರಿದ ಹ್ವಾನ್ ಫರ್ನಾಂಡೆಸ್ ದ್ವೀಪದ ಗಂಧದ ಕಥೆ ಇನ್ನೂ ಕಠಿಣ. ಅಲ್ಲಿನ ಕೊನೆಯ ಮರವನ್ನು ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಸ್ಕಾಟ್ಸ್‌ಬರ್ಗ್ 1908ರಲ್ಲಿ ಕಂಡರು. ಆಮೇಲೆ ಅದು ಯಾರಿಗೂ ಕಾಣಲಿಲ್ಲ.

ನಮ್ಮಲ್ಲಿ ಗಂಧದ ಕಾನೂನು ಸಡಿಲವಾದದ್ದು ಕರ್ನಾಟಕದಲ್ಲಿ 2001ರಲ್ಲಿ, ತಮಿಳುನಾಡಿನಲ್ಲಿ 2002ರಲ್ಲಿ. ಗಂಧ ಜಮೀನಿನ ಒಡೆಯನದಾಯಿತು, ನರ್ಸರಿಗಳು ತುಂಬಿದವು. ಕನ್ನಡಿಗರು ಕಾದಂಬರಿಕಾರರೆಂದು ಹೆಚ್ಚು ಬಲ್ಲ ವಿಜ್ಞಾನಿ ಕೆ.ಎನ್. ಗಣೇಶಯ್ಯ, ಆರ್. ಉಮಾಶಂಕರ್ ಮತ್ತು ಸಂಗಡಿಗರು ದಕ್ಷಿಣ ಭಾರತದ ಗಂಧದ ನೆಲೆಗಳನ್ನು ನಕ್ಷೆಗಿಳಿಸಿ, ತಳಿವೈವಿಧ್ಯ ದಟ್ಟವಾಗಿರುವ ತಾಣಗಳನ್ನು ಇದ್ದಲ್ಲೇ ಕಾಪಾಡಬೇಕೆಂದು 2007ರಲ್ಲೇ ಬರೆದರು. ಆದರೆ ಸಸಿ ಕೊಳ್ಳುವವರಿಗೆ ಈ ತಿಳಿವಳಿಕೆ ತಲುಪಲಿಲ್ಲ. ನರ್ಸರಿಯ ಮುನ್ನೂರು ಸಸಿ ಒಂದೇ ತಾಯಿಮರದ ಬೀಜವಾಗಿದ್ದರೆ ಕೊಂಡವರಿಗೆ ಗೊತ್ತಾಗುವ ಬಗೆಯೇ ಇಲ್ಲ. ಗಂಧವನ್ನು ಕೊಲ್ಲುವ ಕಡ್ಡಿರೋಗ (ಸ್ಪೈಕ್) ಬಂದರೆ ತಡೆದು ನಿಲ್ಲುವ ಮರವೊಂದು ಆ ಗುಂಪಿನಲ್ಲಿ ಇರುವ ಸಾಧ್ಯತೆ ಅಷ್ಟೇ ಕಡಿಮೆ. ಬೇಲಿಯ ಸೊಟ್ಟ ಗಿಡ ಸೊಟ್ಟಗಿರುವುದು ಆಡು ಮೇಯ್ದೋ, ಮಚ್ಚು ತಗುಲಿಯೋ. ಅದರ ಒಳಗಿರುವುದೇನು ಎಂದು ಯಾರೂ ನೋಡಿಲ್ಲ.

ಬೇಲಿ ಕೀಳಬೇಡಿ ಎಂದು ನಾನು ಹೇಳಿದೆ. ಹೊಸ ಸಸಿಗಳನ್ನೂ ನೆಡಿ, ಆದರೆ ಮೂರ್ನಾಲ್ಕು ಕಡೆಯಿಂದ ತಂದು ಬೆರೆಸಿ ನೆಡಿ ಎಂದೆ. ಅವರು ಕೇಳಿದರು: “ಆಯ್ತು, ಉಳಿಸ್ತೀನಿ. ಕಾಯೋರ್ಯಾರು? ರಾತ್ರಿ ಮರಗಳ್ಳ ಬಂದ್ರೆ ನಿಮ್ಮ ವಿಜ್ಞಾನ ಬಂದದಾ?” ನ್ಯಾಯವಾದ ಪ್ರಶ್ನೆ. ದೇಶದ ತಳಿಸಂಪತ್ತನ್ನು ಮೂರೆಕರೆಯವರೊಬ್ಬರ ಬೇಲಿಯಲ್ಲಿ ಪುಕ್ಕಟೆ ಕಾಯಿಸಿಕೊಳ್ಳುವುದು ಟಿಪ್ಪುವಿನ ಕಾಲದ ಅನ್ಯಾಯದ ಮುಂದುವರಿಕೆಯೇ. ಎಲೆ ಪರೀಕ್ಷಿಸುವ ಖರ್ಚು, ಬೇಲಿಗೆ ತಂತಿ, ಉಳಿಸಿದ ಒಂದೊಂದು ಮರಕ್ಕೆ ವರ್ಷಕ್ಕಿಷ್ಟೆಂದು ಕಾವಲಿನ ಹಣ, ಇವು ಸರ್ಕಾರದ ಮೇಲಿನ ಋಣ. ಜೊತೆಗೆ ನರ್ಸರಿಯ ಪ್ರತಿ ಸಸಿಯ ಚೀಟಿಯಲ್ಲಿ ಬೀಜ ತಂದ ಊರು, ಎಷ್ಟು ತಾಯಿಮರಗಳಿಂದ ಆಯ್ದದ್ದು ಎಂಬುದನ್ನು ಬರೆಯಬೇಕು. ಬರೆಯದ ಸಸಿಯನ್ನು ಸರ್ಕಾರದ ಯಾವ ಸಹಾಯಧನದಡಿಯೂ ಮಾರಬಾರದು.