ಪರೀಕ್ಷಕರ ಪಾತ್ರತೆ

ದಾನಕ್ಕೆ ಮುನ್ನ ಪಾತ್ರಾಪಾತ್ರ ವಿವೇಚನೆ ಬೇಕೆಂಬುದು ಶ್ರಾವಕರಾದ ನಮಗೆಲ್ಲ ತಿಳಿದ ಮಾತು. ಆದರೆ ಸಹಾಯಧನ ಕೋರಿ ಬಂದ ಅರ್ಜಿಯನ್ನು ಅಳೆಯಲು ನಾವು ಕರೆಯುವ ತಜ್ಞರ ಪಾತ್ರತೆಯನ್ನು ಯಾರು ವಿಚಾರಿಸುತ್ತಾರೆ?

ಕೆಲವು ವರ್ಷಗಳ ಹಿಂದೆ ಜಯನಗರದ ಟ್ರಸ್ಟೊಂದರ ಸಭೆಯಲ್ಲಿ ನಾನಿದ್ದೆ. ತಾಳೆಗರಿಯ ಗ್ರಂಥಗಳನ್ನು ಪ್ಲಾಸ್ಟಿಕ್ ಹಾಳೆಗಳ ನಡುವೆ ಶಾಶ್ವತವಾಗಿ ಮುಚ್ಚಿಡುವ ಯೋಜನೆಯೊಂದು ಬಂದಿತ್ತು. ಹಳಗನ್ನಡದ ಹಿರಿಯ ವಿದ್ವಾಂಸರೊಬ್ಬರಿಗೆ ಕಳುಹಿಸಿದೆವು. ಅವರು ಆ ಗ್ರಂಥಗಳ ಮಹತ್ತ್ವವನ್ನು ಎರಡು ಪುಟ ಕೊಂಡಾಡಿ ಒಪ್ಪಿಗೆಯಿತ್ತರು. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಒಳಗಿನ ತೇವದಿಂದ ಗರಿಗಳು ಕಪ್ಪಿಟ್ಟವು. ಬಿಡಿಸಹೋದರೆ ಅಕ್ಷರಗಳೇ ಕಿತ್ತು ಬಂದವು. ಆ ಹಿರಿಯರ ಪಾಂಡಿತ್ಯದಲ್ಲಿ ಲೋಪವಿರಲಿಲ್ಲ. ಗ್ರಂಥವನ್ನು ಓದುವ ವಿದ್ಯೆ ಬೇರೆ, ಗರಿಯನ್ನು ಉಳಿಸುವ ವಿದ್ಯೆ ಬೇರೆ ಎಂಬುದು ನಮಗೇ ಹೊಳೆದಿರಲಿಲ್ಲ. ಮಂಜೂರಾತಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆಪ್ತನಿಗೆ ಮೂರು ಲಕ್ಷಣಗಳನ್ನು ಹೇಳುತ್ತಾರೆ: ದೋಷರಹಿತನಾಗಿರಬೇಕು, ಸರ್ವಜ್ಞನಾಗಿರಬೇಕು, ಆಗಮವನ್ನು ಉಪದೇಶಿಸುವವನಾಗಿರಬೇಕು. ಜಿನೇಶ್ವರನಿಗೆ ಸಲ್ಲುವ ಈ ಅಳತೆಯನ್ನು ಸಂಸಾರಿಗಳಿಗೆ ಹಿಡಿಯುವುದು ಅತಿಯಾದೀತು. ಆದರೂ ಅರಿವಿದ್ದು ರಾಗದ್ವೇಷ ತುಂಬಿದವರ ಮಾತನ್ನೂ, ನಿಷ್ಪಕ್ಷಪಾತಿಯಾಗಿದ್ದು ಅರಿವಿಲ್ಲದವರ ಮಾತನ್ನೂ ನೆಚ್ಚಲಾಗದೆಂಬ ತತ್ತ್ವ ಅಲ್ಲಿದೆ. ಸರ್ವಜ್ಞರು ದೊರೆಯದೆಡೆ ಹಲವು ನಯಗಳಿಂದ ನೋಡುವ ಹಲವರು ಬೇಕು.

ಮೂಡಬಿದಿರೆಯಲ್ಲಿ ಉಳಿದುಬಂದ ಧವಲಾ ಟೀಕೆ 1939ರಿಂದ ಅಚ್ಚಾಗತೊಡಗಿದ್ದನ್ನು ನೆನೆಯಬಹುದು. ಲಿಪಿ ಹಳಗನ್ನಡದ್ದು, ಭಾಷೆ ಪ್ರಾಕೃತ-ಸಂಸ್ಕೃತಗಳದು, ವಿಷಯ ಕರ್ಮಸಿದ್ಧಾಂತ. ಒಬ್ಬರಿಂದ ಆಗುವ ಕೆಲಸವಲ್ಲ. ಡಾ. ಹೀರಾಲಾಲ ಜೈನರೊಡನೆ ಪಂಡಿತ ಫೂಲಚಂದ್ರ ಶಾಸ್ತ್ರಿಗಳೂ ನಮ್ಮ ಸದಲಗದ ಡಾ. ಆ. ನೇ. ಉಪಾಧ್ಯೆಯವರೂ ಕೈಜೋಡಿಸಿದರು. ಹದಿನಾರು ಸಂಪುಟಗಳಾದವು.

ಕಷ್ಟವಿರುವುದು ಇನ್ನೊಂದೆಡೆ. ಇಂಥ ಕಿರಿದಾದ ಕ್ಷೇತ್ರದಲ್ಲಿ ಬಲ್ಲವರೆಲ್ಲ ಪರಸ್ಪರ ಗುರುಗಳೋ ಶಿಷ್ಯರೋ ಬೀಗರೋ ಆಗಿರುತ್ತಾರೆ. ಪರಿಚಿತರನ್ನೆಲ್ಲ ಹೊರಗಿಟ್ಟರೆ ಉಳಿಯುವವರು ಏನೂ ತಿಳಿಯದವರು. ದೇವದ್ರವ್ಯವನ್ನು ಅಂಥವರ ಕೈಗಿಡುವುದೂ ಪ್ರಮಾದವೇ. ನನ್ನ ಮಟ್ಟಿಗೆ, ಸಂಬಂಧವನ್ನು ಬಾಯಿಬಿಟ್ಟು ಹೇಳುವ ಬಲ್ಲವರೇ ಮೇಲು; ಅವರಿಂದ ಅಭಿಪ್ರಾಯ ಪಡೆಯಬಹುದು, ನಿರ್ಣಯದ ಮತ ಬೇಡ. (ಇಂಥವರಿಂದ ಪುಕ್ಕಟೆಯಾಗಿ ಕೆಲಸ ಮಾಡಿಸಿಕೊಂಡು ಒಂದು ತೆಂಗಿನಕಾಯಿ ಕೊಟ್ಟು ಕಳುಹಿಸುವ ರೂಢಿಯನ್ನೂ ನಾವು ಬಿಡಬೇಕು.)

ಈಗ ನಮ್ಮ ಮುಂದೆ ಹಳೆಯ ಬಸದಿಯೊಂದರ ಶಿಲೆಯನ್ನು ಶುಚಿಗೊಳಿಸುವ ಅರ್ಜಿಯಿದೆ. ಶಿಲೆಯ ಗುಣ ಬಲ್ಲವರು ಇಬ್ಬರೇ ಸಿಕ್ಕರು; ಅವರಲ್ಲೊಬ್ಬರು ಅರ್ಜಿದಾರರ ಗುರುಗಳು. ಇಬ್ಬರಿಗೂ ಕಳುಹಿಸಿದ್ದೇವೆ, ಸಂಬಂಧವಿದ್ದರೆ ಮೊದಲ ಸಾಲಿನಲ್ಲೇ ಬರೆಯಬೇಕೆಂದು ವಿನಂತಿಸಿ.